ಬೀರಮ್ಮಜ್ಜಿ ಕಲಿತ ಮನೆಗಳು

ಚಾಪೆ ಸುತ್ತುವ ಸದ್ದು ಕೇಳಿದರೆ ನನಗೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ. ಮದುವೆಮನೆಯಲ್ಲಿ ಊಟ ಮುಗಿದು ಯಾರೋ ಒಣಚಾಪೆಯನ್ನು ಸರಸರನೆ ಸುತ್ತತೊಡಗಿದರೆ ಸಾಕು, ಎದ್ದು ನಿಂತುಬಿಡುತ್ತೇನೆ. ಬಲಗೈ ತಾನಾಗಿ ಪಕ್ಕಕ್ಕೆ ಚಾಚಿ ಯಾರದೋ ಕೈ ಹುಡುಕುತ್ತದೆ. ಅಮ್ಮನಿಗೆ ಎಲ್ಲಿಗೆ ಹೊರಡುವ ಅವಸರವೋ ಎಂದು ನನ್ನ ಮಕ್ಕಳು ನಗುತ್ತಾರೆ. ಹುಟ್ಟಿದ ಮನೆಯಲ್ಲೇ ಬೆಳೆದವರು ಅವರು, ಹೇಳಿದರೂ ತಿಳಿಯದು. ನೀವು ಒಂದು ಮನೆ ಕಳೆದುಕೊಂಡವರಾದರೆ ನಿಮಗೆ ಕೊಂಚ ಅರ್ಥವಾದೀತು. ನಾನು ಕಳೆದುಕೊಂಡವು ಹಲವು, ಎಲ್ಲವೂ ಬೇರೆಯವರವು.

ಐವತ್ತರ ದಶಕ ಮುಗಿದು ಅರವತ್ತು ಶುರುವಾಗುವ ಕಾಲ. ನಮ್ಮದು ಧರ್ಮದ ಮನೆ, ಜನ ಹಾಗೆ ಕರೆಯುತ್ತಿದ್ದರು. ದಿಕ್ಕಿಲ್ಲದ ಮುದುಕರು, ದಿಕ್ಕಿಲ್ಲದ ಮಕ್ಕಳು ಒಂದೇ ಸೂರಿನ ಕೆಳಗೆ. ಸೂರು ಮಾತ್ರ ನಮ್ಮದಲ್ಲ. ನಾನು ಹುಟ್ಟುವುದಕ್ಕೆ ಎಷ್ಟೋ ಮುಂಚೆ ಊರ ನಾಲ್ಕು ಜನ ಸೇರಿ ಕಟ್ಟಿದ ಆ ಸಂಸ್ಥೆಗೆ ಅಕ್ಕಿ ಬೇಳೆ ಕೊಡುವವರು ಇದ್ದರು, ಜಾಗ ಕೊಡುವವರು ಇರಲಿಲ್ಲ. ಬೆಕ್ಕು ಮರಿ ಹೊತ್ತು ಏಳು ಮನೆ ತಿರುಗಿದ ಹಾಗೆ ಅಕ್ಕೋರು ನಮ್ಮನ್ನು ಹೊತ್ತು ತಿರುಗುತ್ತಿದ್ದರು. ಅಕ್ಕೋರು ಎಂದರೆ ಶಾಲೆಯ ಕೆಲಸ ಬಿಟ್ಟು ನಮ್ಮನ್ನು ಸಾಕಲು ನಿಂತ ವಿಧವೆ. ಮಂಕಿಯಲ್ಲಿ ತೆಂಗಿನಕಾಯಿ ರಾಶಿ ಹಾಕುವ ಕೊಟ್ಟಿಗೆ, ಭಟ್ಕಳದಲ್ಲಿ ಮದ್ರಾಸಿಗೆ ವ್ಯಾಪಾರಕ್ಕೆ ಹೋದ ಸಾಹೇಬರ ಖಾಲಿ ಮನೆ, ಹೊನ್ನಾವರದಲ್ಲಿ ಹೊಳೆದಂಡೆಯ ಹಂಚಿನ ಗೋದಾಮು. ಧಣಿಗೆ ಜಾಗ ಬೇಕಾದ ದಿನ ನಾವು ಚಾಪೆ ಸುತ್ತಬೇಕು. ಹೊರಡುವಾಗ ಒಂದು ಪದ್ಧತಿ ಇತ್ತು. ಒಂದೊಂದು ಮಗುವಿಗೆ ಒಬ್ಬೊಬ್ಬ ಮುದುಕರು, ಕೈಗೆ ಕೈ. ದೋಣಿಯೋ ಗಾಡಿಯೋ, ಇಳಿಯುವ ತನಕ ಆ ಕೈ ಬಿಡುವ ಹಾಗಿಲ್ಲ. ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆಂದು ನೋಡಿದವರಿಗೆ ತಿಳಿಯುತ್ತಿರಲಿಲ್ಲ.

ನನ್ನ ಪಾಲಿಗೆ ಬಂದದ್ದು ಬೀರಮ್ಮಜ್ಜಿಯ ಕೈ. ಅವಳಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಗದ್ದೆ ನೆಟ್ಟೂ ನೆಟ್ಟೂ ಗಡುಸಾದ ಅಂಗೈ, ಎಲೆಯಡಿಕೆ ಕವಳದ ವಾಸನೆಯ ಸೆರಗು, ಯಾರಿಗೂ ಹೆದರದ ಬಾಯಿ. ಅಪ್ಪ ಅಮ್ಮನ ಮುಖವೇ ನೆನಪಿಲ್ಲದ ನನಗೆ ನನ್ನವರು ಎಂದರೆ ಅವಳೊಬ್ಬಳೇ. ಹೊಸ ಜಾಗಕ್ಕೆ ಹೋದ ಕೂಡಲೇ ನಾನು ಅವಳಿಗೆ ಆ ಮನೆ ಕಲಿಸಬೇಕು. "ಬಾವಿ ಎಲ್ಲದೆ, ಮೊದ್ಲು ಅದು ತೋರ್ಸು" ಎನ್ನುತ್ತಿದ್ದಳು. ಆಮೇಲೆ ಮೆಟ್ಟಿಲು, ಕಂಬ, ಒಲೆ, ಬಚ್ಚಲು. ಅವಳ ಕೈಯನ್ನು ಒಂದೊಂದರ ಮೇಲೂ ಇಟ್ಟು ಹೆಸರು ಹೇಳುತ್ತಿದ್ದೆ. ಅವಳು ಗೋಡೆಯನ್ನು ದನದ ಮೈ ಸವರಿದ ಹಾಗೆ ಸವರಿ ಅಭಿಪ್ರಾಯ ಕೊಡುವಳು. ಮಂಕಿಯ ಕೊಟ್ಟಿಗೆಯ ತಗ್ಗು ಬಾಗಿಲಿಗೆ ಹಣೆ ಬಡಿಸಿಕೊಂಡು ಅದನ್ನು ಕಟ್ಟಿದವನ ವಂಶವನ್ನೆಲ್ಲ ಬೈದಳು. ಭಟ್ಕಳದ ಮನೆಯ ನುಣ್ಣನೆಯ ನೆಲದ ಮೇಲೆ ನಿಂತು, "ಇದ್ರ ಮೇಲೆ ನಡೆಯೂಕೆ ನಾಚ್ಕೆ ಆತದೆ ಮಗಾ" ಎಂದು ನಕ್ಕಳು. ಅಂತೂ ಅವಳೊಬ್ಬಳೇ ಅಂಗಳದಲ್ಲಿ ಓಡಾಡುವಷ್ಟು ರೂಢಿಯಾಗುವ ಹೊತ್ತಿಗೆ ನಾವು ಹೊರಡಬೇಕಾಗುತ್ತಿತ್ತು. ಮುಂದಿನ ಮನೆಯಲ್ಲಿ ಎಷ್ಟೋ ದಿನ ಅವಳು ಹಿಂದಿನ ಮನೆಯ ಹೊಸ್ತಿಲಿಗೆ ಕಾಲೆತ್ತುತ್ತಿದ್ದಳು. ಇಲ್ಲದ ಹೊಸ್ತಿಲಿಗೆ ಎತ್ತಿದ ಆ ಕಾಲು ನೋಡಿ ಉಳಿದ ಮಕ್ಕಳು ನಗುವರು, ನನಗೆ ಅಳು ಬರುತ್ತಿತ್ತು.

ಆಗ ಕುಮಟೆಯ ಮನೆಯ ಸುದ್ದಿ ಬಂತು. ಮುಂಬೈಯಲ್ಲಿ ನೆಲೆಸಿದ ಕುಮಟೆ ಕಡೆಯ ವ್ಯಾಪಾರಿಯೊಬ್ಬರು ಸಂಸ್ಥೆಗೆ ಸ್ವಂತ ಕಟ್ಟಡವನ್ನೇ ಕೊಟ್ಟಿದ್ದರು. ಗೋದಾಮಿನಲ್ಲಿ ಅಂದು ಮುದುಕರೂ ಕುಣಿದರು. ಅಕ್ಕೋರು ಮಾತ್ರ ಬೇಗನೆ ಚಾಪೆ ಹಾಸಿ ಮಲಗಿದರು, ದಣಿದಿದ್ದಾರೆ ಎಂದುಕೊಂಡೆವು. ಬಾಡಿಗೆ ಲಾರಿಯಲ್ಲಿ ಜೋಡಿ ಜೋಡಿಯಾಗಿ ಕೈ ಹಿಡಿದು ಕುಮಟೆಗೆ ಹೋದೆವು. ಹೊಸ ಸುಣ್ಣದ ವಾಸನೆ, ಹಿತ್ತಲಲ್ಲಿ ಕಟ್ಟೆ ಕಟ್ಟಿದ ಬಾವಿ, ಉದ್ದನೆಯ ಜಗಲಿ. ಅಜ್ಜಿ ಬಾಯಲ್ಲಿದ್ದ ಕವಳ ಉಗಿದು, ಸೆರಗು ಸಿಕ್ಕಿಸಿ, "ಇದೊಂದು ಸಮಾ ಕಲ್ಸು ಮಗಾ. ಇನ್ನು ಮತ್ತೆ ಕಲಿಯೂದು ಬ್ಯಾಡ" ಎಂದಳು. ಆ ಬೆಳಿಗ್ಗೆ ಅವಳು ಕಲಿತ ಹಾಗೆ ಯಾವ ಮನೆಯನ್ನೂ ಕಲಿತಿರಲಿಲ್ಲ. ಒಂದೇ ಮೆಟ್ಟಿಲನ್ನು ಹತ್ತಿ ಇಳಿದಳು, ಮತ್ತೆ ಹತ್ತಿದಳು, ಬಾವಿಯ ತನಕ ಒಬ್ಬಳೇ ಹೋಗಿ ಬಂದು ಗೆದ್ದವಳಂತೆ ನಿಂತಳು.

ಪಾಯಸದ ಊಟವಾದ ಮೇಲೂ ಲಾರಿ ಅಂಗಳದಲ್ಲೇ ನಿಂತಿತ್ತು. ಯಾಕೆಂದು ನಾವು ಕೇಳುವ ಮೊದಲೇ ಅಕ್ಕೋರು ಜಗಲಿಗೆ ಬಂದು ಹೇಳಿದರು. ಮನೆ ಕೊಟ್ಟವರು ಮಗುವೊಂದನ್ನು ಕಳೆದುಕೊಂಡವರು, ಅದರ ನೆನಪಿಗೆ ಮಕ್ಕಳಿಗೆಂದೇ ಕೊಟ್ಟದ್ದು. ದೊಡ್ಡವರು ಸದ್ಯಕ್ಕೆ ಗೋದಾಮಿಗೇ ಮರಳಬೇಕು.

"ಎಂತಕೆ ಮೊದ್ಲೇ ಹೇಳ್ಲಿಲ್ಲ?" ಎಂದಳು ಅಜ್ಜಿ.

"ಹೇಳಿದ್ರೆ ಈ ಮಕ್ಳು ನಿಮ್ಮ ಕೈ ಬಿಟ್ಟು ಲಾರಿ ಹತ್ತೂದುಂಟಾ ಬೀರಮ್ಮ?" ಎಂದರು ಅಕ್ಕೋರು.

ನಮ್ಮನ್ನು ತಲುಪಿಸಲಿಕ್ಕೆಂದೇ ಮುದುಕರನ್ನು ಕರೆತಂದಿದ್ದರು. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುತ್ತಾರೆ. ಎಣಿಸುವುದಿಲ್ಲ. ಕೊಟ್ಟವರ ದುಃಖ ಸುಳ್ಳಲ್ಲ, ಆ ಸೂರಿನ ಕೆಳಗೇ ನಾನು ಓದಿ ಮನುಷ್ಯಳಾದೆ. ಆದರೂ ನನಗೆ ಇವತ್ತಿಗೂ ಸಿಟ್ಟಿದೆ. ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು, ಅದಕ್ಕೇ ಇಷ್ಟು ವರ್ಷವಾದರೂ ಇಳಿದಿಲ್ಲ.

ನಾನು ಅಜ್ಜಿಯ ಸೆರಗು ಹಿಡಿದು ಚೀರಿದೆ. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ. "ನೀ ಮಲ್ಗೂ ಜಾಗ ತೋರ್ಸು" ಎಂದಳು. ಒಳಗೆ ಕರೆದೊಯ್ದೆ. ಅಲ್ಲಿ ಕುಕ್ಕರಗಾಲಲ್ಲಿ ಕೂತು ನೆಲ ಸವರಿದಳು, ಗೋಡೆ ಸವರಿದಳು, ಕಿಟಕಿಯ ಸರಳುಗಳ ನಡುವೆ ಕೈ ಒಡ್ಡಿ ಗಾಳಿ ನೋಡಿದಳು. "ಈ ಬದಿಗೆ ತಲೆ ಹಾಕ್ಬ್ಯಾಡ, ಥಂಡಿ ಆತದೆ. ಆತು, ಕಲ್ತೆ" ಎಂದು ಎದ್ದಳು. ನಾನು ಚಾಚಿದ ಕೈ ಹಿಡಿಯದೆ ಜಗಲಿ ದಾಟಿ, ಮೆಟ್ಟಿಲಿಳಿದು, ನೆಟ್ಟಗೆ ಲಾರಿಯ ತನಕ ನಡೆದಳು. ಎಲ್ಲೂ ಎಡವಲಿಲ್ಲ, ಅಷ್ಟು ಚೆನ್ನಾಗಿ ಕಲಿತಿದ್ದಳು.

ಆ ಮಳೆಗಾಲಕ್ಕೆ ಮುದುಕರು ಗೋದಾಮನ್ನೂ ಬಿಡಬೇಕಾಯಿತು ಎಂದು ಆಮೇಲೆ ಕೇಳಿದೆ. ಎಲ್ಲಿಗೆ ಹೋದರೆಂದು ಒಬ್ಬೊಬ್ಬರು ಒಂದೊಂದು ಊರು ಹೇಳಿದರು. ಅಜ್ಜಿ ತೀರಿಕೊಂಡದ್ದು ನನಗೆ ಗೊತ್ತಿಲ್ಲದ ಆ ಊರಲ್ಲೇ, ಯಾರದೋ ಮನೆಯಲ್ಲಿ. ಆ ಮನೆಯನ್ನು ಅವಳಿಗೆ ಕಲಿಸಲು ಅಲ್ಲಿ ಒಂದು ಮಗುವೂ ಇರಲಿಲ್ಲ.