ಅವ್ವನ ಹೆಸರು ಎಲ್ಲೂ ಇಲ್ಲದ ದಿನಗಳು

ಓಟಿನ ದಿನ ನಮ್ಮವ್ವ ಓಟು ಹಾಕುವ ತನಕ ಬಾಯಿಗೆ ಏನೂ ಹಾಕುವುದಿಲ್ಲ. ಸ್ನಾನ ಮಾಡಿ, ಟ್ರಂಕಿನಲ್ಲಿ ಮಡಚಿಟ್ಟ ಸೀರೆ ಉಟ್ಟು, ಒಂದು ಗುಟುಕು ಚಹಾವನ್ನೂ ಮುಟ್ಟದೆ ಹೋಗಿ ಸಾಲಿನಲ್ಲಿ ನಿಲ್ಲುತ್ತಾಳೆ. ಹರಕೆಯೇನಲ್ಲ, ವ್ರತವೂ ಅಲ್ಲ. ಕೇಳಿದರೆ, "ತಿಂದು ಹೋದ್ರ ತಲಿ ಮಂಕಾಗ್ತೈತಿ, ಯಾವುದಕ್ಕೋ ಒತ್ತಿ ಬರ್ತೀವಿ" ಅನ್ನುತ್ತಾಳೆ. ಮದುವೆಯಾಗಿ ಎಮ್ಮಿಗನೂರಿಗೆ ಬಂದ ಮೇಲೆ ಅವಳು ಒಂದು ಚುನಾವಣೆಯನ್ನೂ ಬಿಟ್ಟಿಲ್ಲ. ನನ್ನ ತಮ್ಮ ಹುಟ್ಟಿ ಇನ್ನೂ ತಿಂಗಳಾಗಿರಲಿಲ್ಲವಂತೆ, ತಲೆಗೆ ಬಟ್ಟೆ ಕಟ್ಟಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು ಹೋಗಿ ಹಾಕಿ ಬಂದಿದ್ದಳಂತೆ. ಅತ್ತೆಮನೆಯಲ್ಲಿ ಬೈದರಂತೆ. ಬೈಗುಳಕ್ಕಿಂತ ಹೊಟ್ಟೆ ಹಸಿದದ್ದೇ ಈಗಲೂ ನೆನಪಿದೆಯಂತೆ.

ಇಂಥವಳ ಹೆಸರನ್ನು ಮತದಾರರ ಪಟ್ಟಿಯಿಂದ ತೆಗೆಸಿದ ಪುಣ್ಯಾತ್ಮ ನಾನೇ. ಸಿಟ್ಟಿನಿಂದಲ್ಲ, ಮುನ್ನೆಚ್ಚರಿಕೆಯಿಂದ.

ಮುನ್ನೆಚ್ಚರಿಕೆ ನನ್ನ ಹುಟ್ಟುಗುಣ. ಮನೆಯಿಂದ ಹೊರಟರೆ ಓಣಿಯ ತಿರುವಿನಲ್ಲಿ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಅನುಮಾನ ಬಂದು ವಾಪಸು ಬರುತ್ತೇನೆ. ಬಂದು ನೋಡಿ ಹೊರಟವನಿಗೆ ಅದೇ ತಿರುವಿನಲ್ಲಿ ಬೀಗದ ಅನುಮಾನ. ಐವತ್ತಕ್ಕೇ ನನ್ನ ತಲೆ ಬೋಳಾದದ್ದಕ್ಕೆ ಡಾಕ್ಟರು ವಂಶದ ಕಡೆ ಕೈ ತೋರಿಸಿದರು. ಹೆಂಡತಿ ಗ್ಯಾಸ್ ಸಿಲಿಂಡರಿನ ಕಡೆ ತೋರಿಸಿದಳು.

ಅವ್ವ ಮಂಡಿನೋವಿಗೆ ತೋರಿಸಿಕೊಳ್ಳಲು ಹೊಸಪೇಟೆಗೆ ಬಂದವಳು. ಊರಲ್ಲಿ ತಮ್ಮನ ಸಂಸಾರ ಇದೆ, ಭತ್ತದ ಗದ್ದೆ ಇದೆ. ಆದರೂ ತಿಂಗಳಿಗೆರಡು ಸಲ ಬಸ್ಸು ಹತ್ತಿ ಇಳಿಯುವುದೇ ಮಂಡಿಗೆ ಕೇಡು ಅಂತ ಗೊತ್ತಾದ ಮೇಲೆ ನಮ್ಮಲ್ಲೇ ಉಳಿದಳು. ಎರಡು ವರ್ಷವಾಯಿತು. ಚುನಾವಣೆ ಹತ್ತಿರ ಬರುತ್ತಿದೆ ಅಂತ ಸುದ್ದಿಯಾದಾಗ, ಈ ಸಲ ಅವ್ವ ಎಮ್ಮಿಗನೂರಿಗೆ ಹೋಗುವುದು ಬೇಡ, ಅವಳ ಓಟನ್ನೇ ಇಲ್ಲಿಗೆ ತರೋಣ ಅಂದುಕೊಂಡೆ. ವಿಚಾರವೇನೋ ಒಳ್ಳೆಯದೇ. ಹಾಳಾದದ್ದು ಅದನ್ನು ನಾನು ಮಾಡಿದ ರೀತಿಯಿಂದ.

ಒಂದೇ ಹೆಸರು ಎರಡು ಊರಿನ ಪಟ್ಟಿಯಲ್ಲಿದ್ದರೆ ಅಪರಾಧ, ಜೈಲೂ ಆಗಬಹುದು ಅಂತ ಎಲ್ಲೋ ಓದಿದ್ದೆ. ಎಪ್ಪತ್ತೆಂಟು ವರ್ಷದ ಅವ್ವ ಮಂಡಿಗೆ ಪಟ್ಟಿ ಸುತ್ತಿಕೊಂಡು ಬಳ್ಳಾರಿ ಜೈಲಿನ ಮೆಟ್ಟಿಲು ಹತ್ತುತ್ತಿರುವ ಚಿತ್ರ ಕಣ್ಣ ಮುಂದೆ ಬಂತು. ಹಾಗಾಗಿ ಮೊದಲು ಹಳೆಯ ಊರಲ್ಲಿ ಹೆಸರು ತೆಗೆಸಬೇಕು, ತೆಗೆದದ್ದು ಖಾತ್ರಿಯಾದ ಮೇಲೆ ಇಲ್ಲಿ ಸೇರಿಸಬೇಕು ಅಂತ ಲೆಕ್ಕ ಹಾಕಿದೆ. ಹೊಸದಾಗಿ ಸೇರಿಸಲು ಆರನೆಯ ನಮೂನೆ, ತೆಗೆಯಲು ಏಳನೆಯದು ಅಂತ ಫೋನಿನಲ್ಲಿ ಸಿಕ್ಕಿತು. ಎಂಟನೆಯದೂ ಒಂದಿತ್ತು, ಅಲ್ಲಿಯ ತನಕ ನಾನು ಓದಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಏಳನೆಯದನ್ನು ತುಂಬಿದೆ. ಅವ್ವನ ಫೋನಿಗೆ ಓಟಿಪಿ ಬಂತು. ತನ್ನ ಹೆಸರು ಅಳಿಸುವ ಅಂಕಿಗಳನ್ನು ಅವಳೇ ಕನ್ನಡಕ ಹಾಕಿಕೊಂಡು, ಒಂದೊಂದಾಗಿ, ದೊಡ್ಡ ದನಿಯಲ್ಲಿ ಓದಿ ಹೇಳಿದಳು.

ಸರಕಾರದ ಕೆಲಸ ನಿಧಾನ ಅಂತ ನಂಬಿಕೊಂಡವನು ನಾನು. ಈ ಕೆಲಸ ಮಾತ್ರ ಜಲ್ದಿ ಆಯಿತು.

ನಮಗೆ ಅದು ಗೊತ್ತಾದದ್ದು ಫೋನಿನಿಂದ. ಎಮ್ಮಿಗನೂರಿನ ಪಂಚಾಯ್ತಿ ಗೋಡೆಗೆ ಪಟ್ಟಿಯಿಂದ ತೆಗೆದವರ ಹೆಸರು ಹಚ್ಚಿದ್ದರು. ಅದರಲ್ಲಿ ಸತ್ತವರೇ ಹೆಚ್ಚು. ಅವರ ನಡುವೆ ಅವ್ವನ ಹೆಸರೂ ಇತ್ತು, ನೋಡಿದವರು ಅವಳೂ ಹೋದಳು ಅಂತ ಸುದ್ದಿ ಹಬ್ಬಿಸಿದರು. ಊರಲ್ಲಿ ಪಕ್ಕದ ಓಣಿಯಲ್ಲಿರುವ ನಮ್ಮ ಚಿಕ್ಕಮ್ಮ ಅಳುತ್ತಲೇ ನನ್ನ ಹೆಂಡತಿಯ ಫೋನಿಗೆ ಕರೆ ಮಾಡಿದಳು. ಫೋನೆತ್ತಿದ್ದು ಅವ್ವ.

"ಯವ್ವಾ, ನಮ್ಮಕ್ಕ ಹೋದ್ಲಂತಲ್ಲ! ಯಾವಾಗ ಹೋದ್ಲು?"

ಅವ್ವ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು. ಆಮೇಲೆ, "ಹೋಗಿ ಎರಡು ವರ್ಷಾತಲ್ಲ. ಮ್ಯಾಲಕ್ಕಲ್ಲ, ಹೊಸಪೇಟಿಗೆ. ನೀ ಯಾಕ ಅಳಾಕತ್ತಿ?" ಅಂದಳು.

ಆ ಕಡೆ ಅಳು ನಿಂತಿತು. ಪಟ್ಟಿಯ ವಿಷಯ ಬಂತು. ಅವ್ವ ಫೋನು ಇಟ್ಟು ನನ್ನ ಕಡೆ ತಿರುಗಿದಳು.

"ಏನಲೇ, ಅವತ್ತು ನನ್ನ ಕೈಲಿ ಅಂಕಿ ಓದಿಸಿಕೊಂಡ್ಯಲ್ಲ, ಅದು ಇದಕ್ಕೇನು?"

"ಇಲ್ಲಿ ಸೇರಿಸಾಕವ್ವಾ. ಮೊದ್ಲು ಅಲ್ಲಿ ತಗಸಿದೆ."

"ಇಲ್ಲಿ ಸೇರ್ಸಿಯೇನು?"

"ಇನ್ನೂ ಇಲ್ಲ. ಅಲ್ಲಿ ಪೂರ್ತಿ ಹೋಗ್ಲಿ ಅಂತ ಕಾಯಾಕತ್ತಿದ್ದೆ."

"ಅಂದ್ರ ಈಗ ನಾ ಅಲ್ಲೂ ಇಲ್ಲ, ಇಲ್ಲೂ ಇಲ್ಲ."

ಅವ್ವ ಒಳಗೆ ಹೋದಳು. ಅವಳು ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಸಂಜೆ ಅಡುಗೆಮನೆಯಲ್ಲಿ ನನ್ನ ಹೆಂಡತಿಗೆ, "ಈ ಸಲ ಓಟಿನ ದಿನ ನಾಷ್ಟಾ ಎಲ್ಲಾರ ಜೋಡಿನ ಮಾಡ್ತೀನಿ ಬಿಡವ್ವ, ನಂದೇನೈತಿ" ಅಂದದ್ದು ಕೇಳಿಸಿತು. ಆ ಮಾತು ಕೇಳಿದ ಮೇಲೆ ಆ ರಾತ್ರಿ ಊಟ ನನಗೆ ಸೇರಲಿಲ್ಲ.

ನಮ್ಮ ಓಣಿಯ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ನಮ್ಮ ಅಂಗನವಾಡಿಯ ಟೀಚರೇ ಅಂತ ಹೆಂಡತಿಗೆ ಗೊತ್ತಿತ್ತು. ಮಾರನೆಯ ದಿನ ಹೋಗಿ ಕಂಡೆ. ನಲವತ್ತರ ಆಸುಪಾಸಿನ ಹೆಣ್ಣುಮಗಳು. ಒಂದು ಕೂಸಿಗೆ ಮೂಗು ಒರೆಸುತ್ತ, ಇನ್ನೊಂದಕ್ಕೆ ಮೊಟ್ಟೆ ಸುಲಿದು ಕೊಡುತ್ತ ನನ್ನ ಕತೆ ಪೂರ್ತಿ ಕೇಳಿದರು. ನಗು ಬಂದರೂ ತಡೆದುಕೊಂಡರು. ಅದು ದೊಡ್ಡ ಗುಣ.

"ಸರ್, ಎಂಟನೇ ನಮೂನೆ ಒಂದ ತುಂಬಿದ್ರ ಸಾಕಿತ್ತು. ಅಲ್ಲಿ ತಗದು ಇಲ್ಲಿ ಸೇರಿಸಾದು ಎಲ್ಡೂ ಅದರಾಗ ಆಕ್ಕಿತ್ತು. ನೀವು ಸಸಿ ಕಿತ್ತು ದಂಡಿ ಮ್ಯಾಲ ಇಟ್ಟು, ಆಮ್ಯಾಲ ಗದ್ದಿ ಹುಡಿಕ್ಯಾಡಾಕ ಹೊಂಟೀರಿ."

"ಈಗ ಏನ್ ಮಾಡಬೇಕ್ರೀ?"

"ಆರನೇದು ತುಂಬ್ರಿ, ಇವತ್ತ. ಹೊಸ ಮತದಾರರದು. ದಿನ ಅದಾವ, ಭಾಳ ಇಲ್ಲ. ನಾ ಮನಿಗೆ ಬಂದು ನೋಡಿ ವರದಿ ಬರೀಬೇಕು. ನೀರು ಬಂದಾಗ ಬರ್ತೀನಿ."

ನೀರು ಬಂದಾಗ. ಈ ಮಾತಿನ ಜಾಣತನ ಅರ್ಥವಾಗಲು ನನಗೆ ಎರಡು ದಿನ ಬೇಕಾಯಿತು. ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಮಾತ್ರ ಕೆಲಸಕ್ಕೆ ಹೋಗುವವರು, ಬಾಗಿಲು ತೆರೆಯದವರು, ಬಾಡಿಗೆಗೆ ಬಂದು ಯಾರಿಗೂ ಮುಖ ತೋರಿಸದವರು ಎಲ್ಲರೂ ಕೊಡ ಹಿಡಿದು ಹೊರಗೆ ಇರುತ್ತಾರೆ. ಟೀಚರು ಆ ಒಂದು ತಾಸಿನಲ್ಲಿ ಪಟ್ಟಿ ಹಿಡಿದು ಓಣಿಯ ಈ ತುದಿಯಿಂದ ಆ ತುದಿಗೆ ನಡೆದುಬಿಡುತ್ತಿದ್ದರು. ಯಾರ ಮಗಳು ಮದುವೆಯಾಗಿ ಹೋದಳು, ಯಾರ ಮಗನಿಗೆ ಹದಿನೆಂಟು ತುಂಬಿತು, ಯಾರು ಮನೆ ಬಿಟ್ಟರು, ಎಲ್ಲ ಕೊಡ ತುಂಬುವಷ್ಟರಲ್ಲಿ ಬರೆದಾಗುತ್ತಿತ್ತು. ಹದಿನೆಂಟು ತುಂಬಿದವರನ್ನು ಅವರು ಕೇಳುತ್ತಲೂ ಇರಲಿಲ್ಲ. "ಇಂವ ನನ್ನ ಮೊದಲನೇ ಬ್ಯಾಚು, ಪಾಯಸ ಅಂದ್ರ ಓಡಿ ಹೋಗ್ತಿದ್ದ" ಅಂತ ಹೇಳಿ ಅರ್ಜಿ ಕೈಗೆ ಕೊಡುತ್ತಿದ್ದರು. ಮೂರು ಮನೆಗೆ ನೀರು ಬಿಡುವಷ್ಟು ಹೊತ್ತಿನಲ್ಲಿ ನನಗಾದರೆ ನನ್ನ ಕನ್ನಡಕವೇ ಸಿಗುವುದಿಲ್ಲ.

ನಾನು ಆರನೆಯದನ್ನು ತುಂಬಿ ಎರಡನೆಯ ದಿನ ಸಂಜೆ ನೀರು ಬಂತು, ಟೀಚರೂ ಬಂದರು. ಅವ್ವ ಇರಲಿಲ್ಲ.

ಬೆಳಿಗ್ಗೆ ನಾನು ಆಫೀಸಿಗೆ ಹೋದ ಮೇಲೆ ಅವಳು, "ನಾ ಬದುಕೀನಿ ಅಂತ ಒಂದು ಸಲ ಮುಖ ತೋರಿಸಿ ಬರ್ತೀನಿ" ಅಂತ ಕಂಪ್ಲಿ ಬಸ್ಸು ಹತ್ತಿ ಊರಿಗೆ ಹೋಗಿಬಿಟ್ಟಿದ್ದಳು. ಯಾವ ಬಸ್ಸು ತಪ್ಪಿಸಬೇಕೆಂದು ನಾನು ಏಳನೆಯ ನಮೂನೆ ತುಂಬಿದ್ದೆನೋ ಅದೇ ಬಸ್ಸು. ನಾನು ಟೀಚರ ಮುಂದೆ ನಿಂತು ಅವ್ವನ ಔಷಧಿ ಚೀಟಿ, ಅವ್ವನ ಹಳೆಯ ಚಪ್ಪಲಿ, ಅವ್ವನ ಕೌದಿ ಎಲ್ಲ ತೋರಿಸಿದೆ. ಪಕ್ಕದ ಮನೆಯಾಕೆ ಕೊಡ ಕೆಳಗಿಟ್ಟು ಸಾಕ್ಷಿ ಹೇಳಿದಳು: "ಇಲ್ಲೇ ಅದಾರ ಟೀಚರೇ, ಮೊನ್ನೆ ನನ್ನ ಸಾರಿಗೆ ಹುಳಿ ಜಾಸ್ತಿ ಆಗೇತಿ ಅಂತ ಕಾಂಪೌಂಡಿನ ಮ್ಯಾಲಿಂದ ಬೈದಾರ."

ಟೀಚರು ನಕ್ಕರು. ಪೆನ್ನು ಮಾತ್ರ ಕಾಗದಕ್ಕೆ ತಾಗಿಸಲಿಲ್ಲ.

"ಸರ್, ನೀವು ಸುಳ್ಳು ಹೇಳ್ತೀರಿ ಅಂತಲ್ಲ. ಕಣ್ಣಿಲೆ ನೋಡೀನಿ ಅಂತ ನಾ ಸಹಿ ಮಾಡ್ಬೇಕು. ನೋಡಲಾರದ ಹೆಂಗ ಮಾಡ್ಲಿ?"

"ಮುಂದಿನ ನೀರಿನ ದಿನಕ್ಕ ಇರ್ತಾಳ್ರೀ."

"ಅಷ್ಟೊತ್ತಿಗೆ ದಿನ ಮುಗೀತಾವ. ನಾಳೆ ಅಂಗನವಾಡಿ ತಗಿಯೋದ್ರಾಗ ಬರ್ತೀನಿ. ಕರಸ್ರಿ."

ನೀರಿನ ದಿನ ಬಿಟ್ಟು ಬೇರೆ ದಿನ ಒಂದು ಮನೆಗಾಗಿ ಬರುತ್ತೇನೆ ಅಂದ ಹೆಣ್ಣುಮಗಳು. ನಾನು ಮಾತ್ರ ಅವರು ಮರೆತರೆ, ಬಸ್ಸು ಕೆಟ್ಟರೆ, ಅವ್ವ ಹಟ ಹಿಡಿದರೆ ಅಂತ ಎಣಿಸುತ್ತ ಕುಳಿತೆ. ರಾತ್ರಿಯೇ ಊರಿಗೆ, ತಮ್ಮನಿಗೆ ಫೋನು ಮಾಡಿದ್ದೆ; ಬೆಳಕು ಹರಿಯುತ್ತಿದ್ದಂತೆ ಅವನು ಅವ್ವನನ್ನು ಮೊದಲ ಬಸ್ಸಿಗೆ ಹತ್ತಿಸಿದ. ಅವ್ವ ಕುಂಟುತ್ತ ಓಣಿಯೊಳಗೆ ಬರುವುದಕ್ಕೂ ಟೀಚರ ಸ್ಕೂಟಿ ತಿರುವಿನಲ್ಲಿ ಕಾಣುವುದಕ್ಕೂ ಸರಿಹೋಯಿತು. ಟೀಚರು ಗಾಡಿ ನಿಲ್ಲಿಸಿ, ಅವ್ವನ ಕೈಯ ಚೀಲ ಇಸಿದುಕೊಂಡು, ಕಟ್ಟೆಯ ಮೇಲೆ ಕೂರಿಸಿದರು.

"ಅವ್ವಾರೆ, ಈ ವರ್ಷ ನಮ್ಮ ಬೂತಿಗೆ ಹೊಸಾ ಮತದಾರರು ನೀವು."

"ನಾನ ಹೊಸಬಾಕಿ?" ಅಂದಳು ಅವ್ವ. ಮೂರ್ನಾಲ್ಕು ದಿನದಿಂದ ಬಿಗಿದುಕೊಂಡಿದ್ದ ಮುಖ ಸಡಿಲವಾಯಿತು. "ಬರಕೋ ನಮ್ಮವ್ವ. ಹೊಸಬಾಕಿ ಅಂತನ ಬರಕೋ."

ಟೀಚರು ಅವ್ವನ ಮುಖ ಒಂದು ಸಲ ನೋಡಿ, ಕಾಗದ ನೋಡಿ, ತೊಡೆಯ ಮೇಲಿಟ್ಟುಕೊಂಡು ಸಹಿ ಮಾಡಿದರು.

ಓಟಿನ ದಿನದ ಹೊತ್ತಿಗೆ ಹೊಸ ಕಾರ್ಡು ಬಂದಿರಲಿಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್ ಸಾಕು ಅಂತ ಟೀಚರು ಹೇಳಿದ್ದರು. ನಾನು ಆಧಾರ್, ಅದರ ಎರಡು ಜೆರಾಕ್ಸು, ಪಿಂಚಣಿ ಪುಸ್ತಕ, ಔಷಧಿ ಚೀಟಿ ಎಲ್ಲ ಒಂದು ಚೀಲಕ್ಕೆ ತುಂಬಿದೆ. ಅವ್ವ ಇನ್ನೊಂದು ಚೀಲಕ್ಕೆ ಒಗ್ಗರಣೆ ಮಂಡಕ್ಕಿಯ ಡಬ್ಬಿ ಹಾಕಿಕೊಂಡಳು. ಓಟು ಹಾಕಿದ ಕೂಡಲೇ ತಿನ್ನಲು. ಏಳು ಗಂಟೆಗೆ ಶಾಲೆಯ ಬಾಗಿಲು ತೆರೆದಾಗ ಸಾಲಿನಲ್ಲಿ ಅವಳ ಮುಂದೆ ಇಬ್ಬರೇ ಇದ್ದರು. ಆ ಇಬ್ಬರ ಮೇಲೆ ಅವಳಿಗೆ ಸಿಟ್ಟಿತ್ತು.

ಒಳಗೆ ಹೆಸರು ಹುಡುಕುವವರು ಪುಟ ತಿರುವಿದರು, ಮತ್ತೆ ತಿರುವಿದರು. "ಇಲ್ಲಲ್ರೀ ಅಮ್ಮಾರೆ."

ನನಗೆ ಚೀಲದಿಂದ ಔಷಧಿ ಚೀಟಿ ತೆಗೆಯುವಷ್ಟರ ಮಟ್ಟಿಗೆ ತಲೆ ಕೆಟ್ಟಿತ್ತು. ಅವ್ವ ಮಾತ್ರ ನಿಂತ ಜಾಗ ಬಿಡದೆ, ಹೊರಗೆ ಮೇಜು ಹಾಕಿಕೊಂಡು ಕುಳಿತಿದ್ದ ಟೀಚರು ಬರೆದುಕೊಟ್ಟ ಚೀಟಿಯನ್ನು ಮುಂದೆ ಚಾಚಿದಳು. "ಕಡೀ ಹಾಳ್ಯಾಗ ನೋಡಪ್ಪ. ನಾ ಹೊಸಬಾಕಿ. ಹೊಸಬರನ್ನ ಹಿಂದ ಸೇರ್ಸಿರ್ತಾರಂತ."

ಆತ ಕೊನೆಯ ಪುಟಕ್ಕೆ ಹೋದ. ಪೂರಕ ಪಟ್ಟಿ. ಬೆರಳು ಕೆಳಗಿಳಿಯಿತು, ನಿಂತಿತು. ಹೆಸರನ್ನು ದೊಡ್ಡ ದನಿಯಲ್ಲಿ ಕೂಗಿದ. ಅಷ್ಟು ಚಂದದ ಹೆಸರು ಅಂತ ನನಗೆ ಅವತ್ತೇ ಗೊತ್ತಾದದ್ದು.

ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿಸಿಕೊಂಡು ಅವ್ವ ರಟ್ಟಿನ ಮರೆಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ ಅಂತ ನನಗೆ ಅನಿಸಿತು. ಆದರೆ ಆಮೇಲೆ ಹೆಂಡತಿ ಹೇಳಿದ ಪ್ರಕಾರ ಅದು ಅರ್ಧ ನಿಮಿಷವೂ ಇರಲಿಲ್ಲವಂತೆ. ಯಂತ್ರ ಉದ್ದಕ್ಕೆ ಪೀಂ ಅಂದಿತು. ಅವ್ವ ಹೊರಗೆ ಬಂದಳು. "ಯಂತ್ರದ ಗಾಜಿನ ಕಿಟಕ್ಯಾಗ ಓಟಿನ ಚೀಟಿ ಬಂದು ಬೀಳಾತನಕ ನಿಂತು ನೋಡಿ ಬಂದೆ. ನಿನ್ನಂಗ ಅರ್ಧಕ್ಕ ಬಿಟ್ಟು ಬರಾಕಿ ಅಲ್ಲ ನಾ."

ನಾನೂ ಹೆಂಡತಿಯೂ ಹಾಕಿ ಬರುವಷ್ಟರಲ್ಲಿ ಅವ್ವ ಹೊರಗೆ ಟೀಚರ ಮೇಜಿನ ಪಕ್ಕ ಕಟ್ಟೆಯ ಮೇಲೆ ಕುಳಿತು ಡಬ್ಬಿ ಬಿಚ್ಚಿದ್ದಳು. ಮುಚ್ಚಳದ ತುಂಬ ಮಂಡಕ್ಕಿ ಹಾಕಿ ಟೀಚರ ಮುಂದೆ ಹಿಡಿದಿದ್ದಳು. ಟೀಚರು ನಸುಕಿಗೇ ಮನೆ ಬಿಟ್ಟವರು. ಅವರೂ ಏನೂ ತಿಂದಿರಲಿಲ್ಲವಂತೆ.

ನನ್ನ ಮುನ್ನೆಚ್ಚರಿಕೆ ಮತ್ತೆ ಎದ್ದಿತು. ಮತಗಟ್ಟೆಯ ಹತ್ತಿರ, ಚುನಾವಣೆ ಕೆಲಸದಲ್ಲಿರುವವರಿಗೆ, ತಿಂಡಿ. ಬಗ್ಗಿ ಮೆಲ್ಲಗೆ ಹೇಳಿದೆ: "ಅವ್ವಾ, ಬ್ಯಾಡ. ನೀತಿ ಸಂಹಿತೆ ಐತಿ. ಆಮಿಷ ಅಂತಾರ."

ಅವ್ವ ಶಾಯಿಯ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದಳು.

"ಹಾಕಿ ಬಂದೀನಲೇ. ಹಾಕಿದ ಮ್ಯಾಲ ಎಂಥಾ ಆಮಿಷ? ಸುಮ್ನ ಕುಂತು ನೀನೂ ತಿನ್ನು."

ಟೀಚರು ಈ ಸಲ ನಗು ತಡೆದುಕೊಳ್ಳಲಿಲ್ಲ. ಮುಚ್ಚಳ ಇಸಿದುಕೊಂಡರು. ನಾನು ಕುಳಿತೆ. ಅವ್ವ ಡಬ್ಬಿ ನನ್ನ ಕೈಗಿಟ್ಟು, ಊರಿನ ಚಿಕ್ಕಮ್ಮನಿಗೆ ಫೋನು ಹಚ್ಚಲು ಹೇಳಿದಳು.