ಡಬ್ಬದಣ್ಣನ ಕೊಳ

ಮೀನುಕೊಳದ ಯಜಮಾನನಿಗೆ ‘ಡಬ್ಬದಣ್ಣ’ ಎಂದೇ ಹೆಸರು ಬಿದ್ದಿತ್ತು. ಮೇವು ಹಾಕುವ ಮೊದಲು ಅವನು ತಗಡಿನ ಡಬ್ಬ ಬಡಿದರೆ ಮೀನುಗಳೆಲ್ಲ ಮೇಲೆದ್ದು ಬರುತ್ತಿದ್ದವು.

ಈ ಸಲ ನೀರುಕಾಗೆಗಳು ಹಿಂಡು ಹಿಂಡಾಗಿ ಇಳಿದು ಮೀನು ನುಂಗತೊಡಗಿದವು. ಅವನು ಗಂಟಲು ಹರಿಯುವಂತೆ ಕೂಗುತ್ತ, ದಡದುದ್ದಕ್ಕೂ ಓಡುತ್ತ ಅದೇ ಡಬ್ಬ ಬಡಿದ. ಹಕ್ಕಿಗಳು ಹಾರಿ, ಒಂದು ಸುತ್ತು ಹಾಕಿ, ಮತ್ತೆ ಅಲ್ಲೇ ಮುಳುಗುತ್ತಿದ್ದವು.

ಮಾರಾಟಕ್ಕೆಂದು ಬಲೆ ಎಳೆದಾಗ ಬಂದದ್ದು ಬರೀ ಪಾಚಿ, ನಾಲ್ಕಾರು ಮೀನು.

“ರೀ, ನೀವು ಹಕ್ಕಿ ಓಡಿಸ್ಲಿಲ್ಲ, ಕೂರಿಸಿ ಬಡಿಸಿದ್ರಿ,” ಎಂದಳು ಹೆಂಡತಿ. “ಡಬ್ಬದ ಸದ್ದು ಕೇಳಿದ್ರೆ ನಮ್ಮ ಮೀನು ಮೇಲೆ ಬರಲ್ವಾ?”

ಅಷ್ಟರಲ್ಲಿ ಮತ್ತೊಂದು ಹಿಂಡು ಇಳಿಯಿತು. ಅಭ್ಯಾಸಬಲದಿಂದ ಅವನ ಕೈ ಮೇಲೆದ್ದಿತು. ಬಡಿಯಲೂ ಆಗದೆ, ಇಳಿಸಲೂ ಆಗದೆ ಅವನು ಹಾಗೇ ನಿಂತ. ನೀರುಕಾಗೆಗಳು ಒಂದೊಂದಾಗಿ ಮುಳುಗಿದವು.