ಅತ್ತೆಯ ಹಳದಿ ಗುಂಡಿ

ರಿಮೋಟ್ ಒತ್ತುವವರನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಕೂತಲ್ಲಿಂದ ಏಳದೆ ಕೆಲಸವಾಗಲಿ ಎಂದು ಮಾಡಿದ ವಸ್ತು ಅದು. ಆದರೂ ಒತ್ತುವಾಗ ಎಲ್ಲರೂ ಅರ್ಧ ಎದ್ದಿರುತ್ತಾರೆ. ಕರುವಿಗೆ ಬಾಳೆಹಣ್ಣಿನ ಸಿಪ್ಪೆ ಕೊಡುವವರ ಹಾಗೆ ಕೈ ಮುಂದಕ್ಕೆ ಚಾಚಿ, ಕುತ್ತಿಗೆ ಉದ್ದ ಮಾಡಿರುತ್ತಾರೆ. ಟಿ.ವಿ. ಮಾತು ಕೇಳದಿದ್ದರೆ ಇನ್ನಷ್ಟು ಜೋರಾಗಿ ಒತ್ತುತ್ತಾರೆ. ಜೋರಾಗಿ ಒತ್ತಿದರೆ ಅದರ ಮೂತಿಯಿಂದ ಹೊರಡುವ ಕಾಣದ ಬೆಳಕೇನೂ ಜೋರಾಗುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು; ನಾನು ತೀರ್ಥಹಳ್ಳಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು. ಗೊತ್ತಿದ್ದೂ ನಾನು ಜೋರಾಗಿಯೇ ಒತ್ತುತ್ತೇನೆ. ಹಲ್ಲು ಬೇರೆ ಕಚ್ಚುತ್ತೇನೆ ಎಂದು ನನ್ನ ಹೆಂಡತಿ ವಿಮಲಾ ಹೇಳುತ್ತಾಳೆ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ನಮ್ಮ ಮನೆಗೆ ರಿಮೋಟ್ ಬಂತು. ಬಂದದ್ದು ಒಂದಲ್ಲ, ಎರಡು. ಟಿ.ವಿ.ಗೊಂದು, ವಿ.ಸಿ.ಆರ್.ಗೊಂದು. ಅವು ಬಂದದ್ದು ನನಗಾಗಿಯೂ ಅಲ್ಲ, ವಿಮಲಾಳಿಗಾಗಿಯೂ ಅಲ್ಲ, ಅವಳ ಅಮ್ಮನಿಗಾಗಿ, ಅಂದರೆ ನನ್ನ ಅತ್ತೆ ಸಾವಿತ್ರಮ್ಮನಿಗಾಗಿ. ಅದಕ್ಕೊಂದು ಕಾರಣವಿತ್ತು.

ಹೊಸನಗರದಲ್ಲಿ ಅತ್ತೆಯ ಮೊಮ್ಮಗಳು ವೀಣಾಳ ಮದುವೆ ಗೊತ್ತಾಗಿತ್ತು. ವೀಣಾ ಎಂದರೆ ವಿಮಲಾಳ ಅಕ್ಕನ ಮಗಳು. ಅತ್ತೆ ಎರಡು ತಿಂಗಳು ಮುಂಚೆಯೇ ಅಲ್ಲಿಗೆ ಹೋಗಿ ಹಪ್ಪಳ ಒತ್ತಿದರು, ಸಂಡಿಗೆ ಇಟ್ಟರು, ಯಾರಿಗೆ ಎಂಥ ಸೀರೆ ಎಂದು ತೀರ್ಮಾನ ಮಾಡಿದರು. ಮದುವೆಗೆ ಒಂದು ವಾರವಿದೆ ಎನ್ನುವಾಗ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮುಹೂರ್ತ ಮುಂದೆ ಹಾಕುವ ಮಾತು ಬಂದಾಗ ಆಸ್ಪತ್ರೆಯ ಮಂಚದಿಂದಲೇ ತೊದಲುತ್ತ ಗದರಿದರಂತೆ. ಮದುವೆ ನಡೆಯಿತು. ನಾವೆಲ್ಲ ಅವರು ಒತ್ತಿದ ಹಪ್ಪಳವನ್ನು ಕರಂ ಕುರುಂ ಎಂದು ತಿನ್ನುತ್ತಿದ್ದಾಗ ಅವರು ಶಿವಮೊಗ್ಗದಲ್ಲಿ ಸೂರು ನೋಡುತ್ತ ಮಲಗಿದ್ದರು.

ವೀಣಾಳ ಅಪ್ಪ, ಅಂದರೆ ನನ್ನ ಷಡ್ಡಕ ಸುಬ್ಬಣ್ಣ, ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದರು. ಅತ್ತೆಯನ್ನು ನಾವು ನಮ್ಮ ಮನೆಗೆ ಕರೆತಂದ ಮೇಲೆ ಅವರು ಬಣ್ಣದ ಟಿ.ವಿ., ವಿ.ಸಿ.ಆರ್., ಮದುವೆಯ ಮೂರು ಕ್ಯಾಸೆಟ್ಟು ಎಲ್ಲವನ್ನೂ ಕಾರಿನಲ್ಲಿ ಹೇರಿಕೊಂಡು ಬಂದು ಅತ್ತೆಯ ಕೋಣೆಯಲ್ಲಿ ಇಟ್ಟರು. "ಮದ್ವೆ ನೋಡ್ಲಿಲ್ಲ ಅಂತ ಬೇಜಾರು ಬೇಡ ಅತ್ತೆ. ನಾವು ಒಂದ್ಸಲ ನೋಡಿದ್ದು. ನೀವು ದಿನಾ ನೋಡಿ" ಎಂದರು.

ಅತ್ತೆ ದಿನಾ ನೋಡಿದರು. ಅದನ್ನು ನೋಡುವುದು ಎನ್ನುವುದಕ್ಕಿಂತ ತನಿಖೆ ಎನ್ನಬಹುದು. ಯಾರು ಬಂದಿದ್ದರು, ಯಾರು ಬಂದೂ ಮುಖ ಗಂಟುಹಾಕಿಕೊಂಡಿದ್ದರು, ಯಾರ ಕತ್ತಿನ ಸರ ಯಾರಿಂದ ಕೇಳಿ ತಂದದ್ದು, ಎರಡನೇ ಪಂಕ್ತಿಯಲ್ಲಿ ಕೂತವರೇ ಮೂರನೇ ಪಂಕ್ತಿಯಲ್ಲೂ ಯಾಕೆ ಕಂಡರು, ಇವೆಲ್ಲ ಅವರ ಗಮನಕ್ಕೆ ಬಂದವು. (ಹಾಗೆ ಕಂಡವನು ನಾನು. ಬಡಿಸುವವರಿಗೆ ನೆರವಾಗಲು ಕೂತಿದ್ದೆ ಎಂದು ಸಮಜಾಯಿಷಿ ಕೊಟ್ಟೆ. ಕೂತು ನೆರವಾಗುವುದು ಹೇಗೆಂದು ವಿಮಲಾ ಕೇಳಿದಳು.)

ಮೊದಲ ದಿನಗಳಲ್ಲಿ ತೊಂದರೆ ಇರಲಿಲ್ಲ. ಆದರೆ ವಿಮಲಾ ರಜೆ ಮುಗಿಸಿ ತಾಲ್ಲೂಕು ಕಚೇರಿಯ ಕೆಲಸಕ್ಕೆ ಹೋಗತೊಡಗಿದಳು. ನನಗೆ ದಸರಾ ರಜೆ. ಹಗಲಿಡೀ ಮನೆಯಲ್ಲಿ ಅತ್ತೆ ಮತ್ತು ನಾನು. ಅತ್ತೆಗೆ ಎಡಗೈಯಲ್ಲಿ ಎರಡೆರಡು ರಿಮೋಟು ಹಿಡಿದು ತಡಕಾಡುವುದು ಆಗುತ್ತಿರಲಿಲ್ಲ. ಟಿ.ವಿ.ಯನ್ನು ಆಂಟೆನಾದಿಂದ ವಿಡಿಯೋಗೆ ಬದಲಾಯಿಸಲು ಒಂದು, ಕ್ಯಾಸೆಟ್ ಓಡಿಸಲು ಇನ್ನೊಂದು. ಅದಕ್ಕೆ ಯಾರಾದರೂ ಬೇಕು. ಮನೆಯಲ್ಲಿ ಇದ್ದವನು ನಾನೊಬ್ಬ. ಆದರೆ ಅತ್ತೆ ನನ್ನೊಡನೆ ಮಾತಾಡುತ್ತಿರಲಿಲ್ಲ.

ಜಗಳವಾಗಿತ್ತು ಎಂದುಕೊಳ್ಳಬೇಡಿ. ಅವರ ಕಾಲದ ರೀತಿಯೇ ಹಾಗೆ. ಅತ್ತೆಯಾದವಳು ಅಳಿಯನ ಎದುರು ನಿಂತು ನೇರ ಮಾತಾಡುವಂತಿಲ್ಲ. ನನ್ನ ಮದುವೆಯಾಗಿ ಹದಿನೇಳು ವರ್ಷವಾಗಿದ್ದರೂ ಅವರು ನನಗೆ ಹೇಳಬೇಕಾದ್ದನ್ನು ಗಾಳಿಗೆ ಹೇಳುತ್ತಿದ್ದರು. "ಕಾಫಿ ಆಗಿದೆ." "ಬಿಸಿನೀರು ಕಾದಿದೆ." "ಕೊಡೆ ಬಾಗಿಲ ಹಿಂದೆ ಇದೆ." ನಮ್ಮ ಶಾಲೆಯ ಕನ್ನಡ ಪಂಡಿತರಿಗೆ ಇದನ್ನು ವಿವರಿಸಿದಾಗ ಅವರು ಬಹಳ ಸಂತೋಷಪಟ್ಟರು. ಸಂಬೋಧನೆಯೇ ಬೇಡದ ವಾಕ್ಯಗಳು ಪರೀಕ್ಷೆಯ ಪ್ರಶ್ನೆಪತ್ರಿಕೆ ಬಿಟ್ಟರೆ ಅತ್ತೆಯಂದಿರ ಬಾಯಲ್ಲಿ ಮಾತ್ರ ಉಳಿದಿವೆ ಎಂದರು. ಆದರೆ ಗಾಳಿಗೆ ವಿಷಯ ತಿಳಿಸಬಹುದೇ ಹೊರತು ಗಾಳಿಯನ್ನು ಕರೆದು ಕೆಲಸ ಹೇಳಲಾಗುವುದಿಲ್ಲ.

ಒಂದು ದಿನ ನಾನು ಜಗಲಿಯಲ್ಲಿ ಪೇಪರು ತಿದ್ದುತ್ತ ಕೂತಿದ್ದೆ. ಒಳಗಿನಿಂದ ಸುಂಯ್ ಎನ್ನುವ ಸದ್ದು ಬಹಳ ಹೊತ್ತಿನಿಂದ ಬರುತ್ತಿತ್ತು. ಎದ್ದು ಹೋಗಿ ನೋಡಿದರೆ ಕ್ಯಾಸೆಟ್ಟಿನಲ್ಲಿ ಚಿತ್ರ ಮುಗಿದು ಪರದೆಯ ತುಂಬ ಅಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕೆಗಳು. ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತು ಆ ಚುಕ್ಕೆಗಳನ್ನೇ ನೋಡುತ್ತಿದ್ದರು. ಎಷ್ಟು ಹೊತ್ತಿನಿಂದಲೋ ಏನೋ. ಹತ್ತು ಹೆಜ್ಜೆ ಆಚೆ ನಾನಿದ್ದೆ, ಅವರು ಕರೆದಿರಲಿಲ್ಲ. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿದರು. ನಾನು ಟಿ.ವಿ. ಆರಿಸಿ ಹೊರಬಂದೆ. ಆಮೇಲೆ ತಿದ್ದಿದ ಪೇಪರುಗಳಲ್ಲಿ ಹುಡುಗರಿಗೆಲ್ಲ ಧಾರಾಳವಾಗಿ ಅಂಕ ಬಿದ್ದಿತು.

ಆ ವಾರವೇ ಸುಬ್ಬಣ್ಣನವರು ಮಸ್ಕತ್ತಿಗೆ ಹಿಂದಿರುಗುವ ಮುಂಚೆ ಹೇಳಿಹೋಗಲು ಬಂದರು. ನಾನು ಸಮಸ್ಯೆ ಹೇಳಿದೆ. ಅವರು ಚೀಲಕ್ಕೆ ಕೈಹಾಕಿ, ತಮಗಾಗಿ ಕೊಂಡಿದ್ದ ಕಪ್ಪು ಪೆಟ್ಟಿಗೆಯೊಂದನ್ನು ತೆಗೆದು ನನ್ನ ಕೈಗಿಟ್ಟರು.

"ಯೂನಿವರ್ಸಲ್ ರಿಮೋಟು ಮೇಷ್ಟ್ರೆ. ಇದಕ್ಕೆ ನೀವು ಕಲಿಸ್ಬೇಕು. ಕಲಿಸಿದ್ರೆ ಪ್ರಪಂಚದ ಯಾವ ಟಿ.ವಿ.ನಾದ್ರೂ ಆಳಬಹುದು."

ನನ್ನ ಆಸೆ ಒಂದೇ ಟಿ.ವಿ.ಗೆ ಸೀಮಿತವಾಗಿತ್ತು. ಆದರೆ ಕಲಿಸಬೇಕು ಎಂಬ ಮಾತು ನನ್ನನ್ನು ಉಬ್ಬಿಸಿತು. ಅದರ ಕೈಪಿಡಿಯನ್ನು ಜಪಾನಿನವರು ತಮಗೆ ತಿಳಿದ ಇಂಗ್ಲಿಷಿನಲ್ಲಿ ಬರೆದಿದ್ದರು, ನಾನು ನನಗೆ ತಿಳಿದ ಇಂಗ್ಲಿಷಿನಲ್ಲಿ ಓದಿದೆ. ಎರಡು ರಿಮೋಟುಗಳನ್ನು ಮೂತಿಗೆ ಮೂತಿ ಬರುವಂತೆ ಮೇಜಿನ ಮೇಲಿಡಬೇಕು. ಹೊಸದರಲ್ಲಿ ಒಂದು ಗುಂಡಿ ಆರಿಸಬೇಕು, ಹಳೆಯದರ ಗುಂಡಿ ಒತ್ತಬೇಕು. ಕಲಿತರೆ ಹಸಿರು ದೀಪ, ಕಲಿಯದಿದ್ದರೆ ಕೆಂಪು. ನನ್ನ ವೃತ್ತಿಜೀವನದಲ್ಲಿ ಇಷ್ಟು ಪ್ರಾಮಾಣಿಕ ವಿದ್ಯಾರ್ಥಿಯನ್ನು ಕಂಡಿರಲಿಲ್ಲ. ನಮ್ಮ ಹುಡುಗರಿಗೆ ಅರ್ಥವಾದರೂ ಆಗದಿದ್ದರೂ ಹಸಿರು ದೀಪವೇ ಉರಿಯುತ್ತದೆ, ಕೆಂಪು ಕಾಣುವುದು ಪರೀಕ್ಷೆಯಲ್ಲಿ. ಇನ್ನೂ ದೊಡ್ಡ ಗುಣವೆಂದರೆ ಒಂದೇ ಗುಂಡಿಗೆ ಎರಡು ಮೂರು ಕೆಲಸಗಳನ್ನು ಸಾಲಾಗಿ ಕಲಿಸಬಹುದಿತ್ತು.

ಅತ್ತೆಯ ಎಡ ಹೆಬ್ಬೆರಳಿಗೆ ಸುಲಭವಾಗಿ ಸಿಗುವ ದೊಡ್ಡ ಹಳದಿ ಗುಂಡಿಯನ್ನು ಆರಿಸಿದೆ. ಅದಕ್ಕೆ ಎರಡು ಪಾಠ: ಮೊದಲು ಟಿ.ವಿ.ಯನ್ನು ವಿಡಿಯೋಗೆ ಬದಲಾಯಿಸು, ಆಮೇಲೆ ಕ್ಯಾಸೆಟ್ ಓಡಿಸು. ಸಂಜೆ ವಿಮಲಾಳ ಎದುರು ಒತ್ತಿ ತೋರಿಸಿದೆ. ಓಲಗ ಮೊಳಗಿತು, ವೀಣಾ ಹಸೆಮಣೆ ಏರಿದಳು. ಅತ್ತೆ ಗಾಳಿಯನ್ನು ನೋಡಿ ನಕ್ಕರು. ಆ ನಗು ನನಗೆಂದು ತಿಳಿದುಕೊಂಡೆ.

ಮರುದಿನ ಮಧ್ಯಾಹ್ನ ಅತ್ತೆ ತಾವೇ ಹಳದಿ ಗುಂಡಿ ಒತ್ತಿದರು. ಪರದೆಯ ಮೇಲೆ ಟೈ ಕಟ್ಟಿದ ಗೃಹಸ್ಥರೊಬ್ಬರು ಬಂದು ಇಂಗ್ಲಿಷಿನಲ್ಲಿ ಬಂಡೆಗಳ ಪದರಗಳ ಬಗ್ಗೆ ಪಾಠ ಮಾಡತೊಡಗಿದರು. ಮಧ್ಯಾಹ್ನದ ಹೊತ್ತು ಕಾಲೇಜಿನವರಿಗಾಗಿ ಬರುತ್ತಿದ್ದ ಕಾರ್ಯಕ್ರಮ. ಅದರ ಹಿಂದೆ, ಯಾರ ಕಣ್ಣಿಗೂ ಕಾಣದೆ, ವಿ.ಸಿ.ಆರ್. ಒಳಗೆ ವೀಣಾಳ ಮದುವೆ ಗರಗರ ಓಡುತ್ತಿತ್ತು.

"ವಿಮಲಾ ಬರ್ಲಿ" ಎಂದು ಅತ್ತೆ ಸುಮ್ಮನೆ ಕಾದಿದ್ದಾರೆ. ನಾನು ಕಾಫಿ ಕೊಡಲು ಹೋಗುವ ಹೊತ್ತಿಗೆ ಬಂಡೆಗಳ ಪಾಠ ಮುಗಿಯುತ್ತ ಬಂದಿತ್ತು. ಗಾಬರಿಯಿಂದ ವಿಡಿಯೋಗೆ ಬದಲಾಯಿಸಿದೆ. ಧಾರೆ ಮುಗಿದು ಬಂದವರೆಲ್ಲ ಕೈತೊಳೆಯಲು ಸಾಲು ನಿಂತಿದ್ದರು. ಅತ್ತೆ ಒಮ್ಮೆ ಪರದೆಯನ್ನು ನೋಡಿದರು. ಆಮೇಲೆ, ಹದಿನೇಳು ವರ್ಷದಲ್ಲಿ ಮೊದಲ ಸಲ, ನನ್ನ ಮುಖವನ್ನೇ ನೋಡಿದರು.

"ಎಂಥ ಕಲ್ಸಿದ್ದು ನೀವು ಇದಕ್ಕೆ? ಒಂದ್ಸಲ ಧಾರೆ ತಪ್ತು, ಅದು ನನ್ನ ಹಣೇಬರಹ. ಎರಡ್ನೇ ಸಲನೂ ತಪ್ಸಿದ್ರಲ್ಲ!"

ಅವರಿಗೆಂದು ತಂದ ಕಾಫಿಯನ್ನು ನಾನೇ ಒಂದು ಗುಟುಕು ಕುಡಿದೆ. ಅತ್ತೆಗೂ ತಾವು ಮಾತಾಡಿದ್ದು ಆಮೇಲೆ ಹೊಳೆಯಿತೆಂದು ಕಾಣುತ್ತದೆ. ಆದರೆ ಆಡಿದ್ದು ಆಡಿಯಾಗಿತ್ತು. ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಬಹುದು ಎಂದು ನಾನು ತೊದಲಿದೆ. "ತಿರ್ಗಿಸಿ ಮತ್ತೆ" ಎಂದರು.

ತಪ್ಪು ಎಲ್ಲಿ? ಟಿ.ವಿ.ಯ ಆ ಬದಲಾಯಿಸುವ ಗುಂಡಿ ಒಂದೇ. ಆಂಟೆನಾದಲ್ಲಿದ್ದಾಗ ಒತ್ತಿದರೆ ವಿಡಿಯೋಗೆ, ವಿಡಿಯೋದಲ್ಲಿದ್ದಾಗ ಒತ್ತಿದರೆ ಆಂಟೆನಾಕ್ಕೆ. ಹಿಂದಿನ ದಿನ ನಾವು ವಿಡಿಯೋದಲ್ಲೇ ಬಿಟ್ಟಿದ್ದೆವು. ಹಳದಿ ಗುಂಡಿ ನಿಷ್ಠೆಯಿಂದ ಅದನ್ನು ಆಂಟೆನಾಕ್ಕೆ ಕಳಿಸಿತ್ತು. ಟಿ.ವಿ. ಈಗ ಎಲ್ಲಿದೆ ಎಂದು ರಿಮೋಟಿಗೆ ಕಾಣುವುದಿಲ್ಲ. ಕಣ್ಣು ಕಟ್ಟಿದವನಿಗೆ "ಹಿಂದಕ್ಕೆ ತಿರುಗು" ಎಂದಷ್ಟೇ ಹೇಳಿದಂತೆ.

ಕಾರಣ ತಿಳಿದ ಕೂಡಲೇ ಪರಿಹಾರ ತಿಳಿಯುತ್ತದೆ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಎರಡು ಸಲ ಒತ್ತುವಂತೆ ಕಲಿಸಿದೆ. ಟಿ.ವಿ. ಆಚೆ ಹೋಗಿ ಈಚೆ ಬಂದು ಇದ್ದಲ್ಲೇ ನಿಂತಿತು. ಮೂರು ಸಲ ಕಲಿಸಿದೆ. ಅದು ಒಂದು ಸಲ ಒತ್ತಿದ್ದಕ್ಕೇ ಸಮ ಎಂದು ವಿಮಲಾ ಸಾರು ಕುದಿಸುತ್ತಲೇ ಲೆಕ್ಕ ಹೇಳಿದಳು. ಕೊನೆಗೆ ಗೋಡೆಗೊಂದು ಸ್ಲೇಟು ತೂಗುಹಾಕಿ, ಟಿ.ವಿ. ನೋಡಿದವರು ಅದನ್ನು ಆಂಟೆನಾದಲ್ಲಿ ಬಿಟ್ಟರೋ ವಿಡಿಯೋದಲ್ಲಿ ಬಿಟ್ಟರೋ ಬರೆಯಬೇಕೆಂದು ನಿಯಮ ಮಾಡಿದೆ. ವಿಡಿಯೋ ಎಂದಿದ್ದರೆ ಅತ್ತೆ ಹಳದಿ ಗುಂಡಿಯನ್ನು ಎರಡು ಸಲ ಒತ್ತಬೇಕು. ಅದೂ ನಿಲ್ಲಲಿಲ್ಲ. ರಾಜ್ಯಕ್ಕೆಲ್ಲ ಕರೆಂಟು ಕೊಡುವ ಲಿಂಗನಮಕ್ಕಿ ಅಣೆಕಟ್ಟು ನಮ್ಮ ಜಿಲ್ಲೆಯಲ್ಲೇ ಇದ್ದರೂ ನಮ್ಮ ಬೀದಿಯ ತಂತಿಯ ಮೇಲೆ ಕೊಂಬೆ ಬಿದ್ದರೆ ಕರೆಂಟು ಹೋಗಲೇಬೇಕು. ಹೋಗಿ ಬಂದರೆ ಟಿ.ವಿ. ತಾನಾಗಿ ಆಂಟೆನಾಕ್ಕೆ ಬಂದು ಕೂರುತ್ತಿತ್ತು, ಸ್ಲೇಟು ಮಾತ್ರ ವಿಡಿಯೋ ಎನ್ನುತ್ತಿತ್ತು. ಅತ್ತೆ ಸ್ಲೇಟನ್ನು ನಂಬಿ ಮತ್ತೊಮ್ಮೆ ಬಂಡೆಗಳವರನ್ನು ಭೇಟಿಯಾದರು. "ಈ ಪುಣ್ಯಾತ್ಮಂಗೆ ಮದ್ವೆಯಾಗಿದೆಯಾ?" ಎಂದು ಕೇಳಿದರು. ಈ ಸಲವೂ ನನ್ನನ್ನೇ ಕೇಳಿದ್ದು.

ನಾನು ಸೋತು ಕೈಪಿಡಿಯನ್ನು ಮತ್ತೆ ಮೊದಲ ಪುಟದಿಂದ ಓದುತ್ತಿದ್ದ ಒಂದು ಬೆಳಿಗ್ಗೆ ಒಳಗಿನಿಂದ ಕೂಗು ಬಂತು. "ಮೇಷ್ಟ್ರೇ, ಸ್ವಲ್ಪ ಬಂದ್ರಾ ಇಲ್ಲಿ?"

ಅತ್ತೆಯ ಕೈಯಲ್ಲಿ ಟಿ.ವಿ.ಯ ಹಳೆಯ ರಿಮೋಟಿತ್ತು. "ನೋಡಿ, ಈಗ ಇದು ವಿಡಿಯೋದಾಗೆ ಇದೆ. ಒಂದು ಅಂತ ಬರ್ದಿದ್ದು ಒತ್ತಿದೆ. ಆಂಟೆನಾಕ್ಕೆ ಬಂತು. ಮತ್ತೆ ಒತ್ತಿದೆ. ಅಲ್ಲೇ ಇದೆ, ಆಚೆ ಹೋಗ್ಲಿಲ್ಲ. ಎಲ್ಲಿದ್ರೂ ಒಂದು ಒತ್ತಿದ್ರೆ ಇಲ್ಲಿಗೇ ಬರ್ತದೆ."

ನಾನು ಕಣ್ಣು ಪಿಳಿಪಿಳಿ ಬಿಟ್ಟೆ. ಅವರು ನನಗೆ ಅರ್ಥವಾಗಲಿಲ್ಲವೆಂದು ತಿಳಿದು ನಿಧಾನವಾಗಿ ಹೇಳಿದರು. "ನಮ್ಮನೆಗೆ ದಾರಿ ಕೇಳ್ದೋರಿಗೆ ಎಂಥ ಹೇಳ್ತೀವಿ? ನೀವು ಆಗುಂಬೆಯಿಂದ ಬನ್ನಿ, ಸಾಗರದಿಂದ ಬನ್ನಿ, ಮೊದ್ಲು ಬಸ್ ಸ್ಟ್ಯಾಂಡಿಗೆ ಬನ್ನಿ, ಅಲ್ಲಿಂದ ಹೀಗೆ ಬನ್ನಿ ಅಂತೀವಿ, ಅಲ್ದಾ? ಇದಕ್ಕೂ ಹಾಗೇ ಹೇಳಿ. ಮೊದ್ಲು ಒಂದಕ್ಕೆ ಬಾ, ಆಮೇಲೆ ವಿಡಿಯೋಗೆ ಹೋಗು ಅಂತ."

ಎರಡು ರಿಮೋಟುಗಳನ್ನು ಮತ್ತೆ ಮೂತಿಗೆ ಮೂತಿ ಇಟ್ಟೆ. ಒಂದು, ಬದಲಾಯಿಸು, ಓಡಿಸು. ಮೂರು ಸಲ ಹಸಿರು ದೀಪ. ಆಂಟೆನಾದಲ್ಲಿಟ್ಟು ಒತ್ತಿದೆವು, ವಿಡಿಯೋದಲ್ಲಿಟ್ಟು ಒತ್ತಿದೆವು, ಪ್ಲಗ್ ಕಿತ್ತು ಮತ್ತೆ ಹಾಕಿ ಒತ್ತಿದೆವು. ಪ್ರತಿ ಸಲವೂ ವೀಣಾ ಬಂದಳು. ಕೊನೆಯ ಸಲ ಅತ್ತೆ ಕ್ಯಾಸೆಟ್ಟನ್ನು ಧಾರೆಯವರೆಗೆ ಓಡಲು ಬಿಟ್ಟರು. ನೀರು ಎರೆಯುವಾಗ ಎಡಗೈಯನ್ನು ತುಸು ಮುಂದೆ ಚಾಚಿದರು. ನಾನು ಸ್ಲೇಟು ಬಿಚ್ಚುವ ನೆಪದಲ್ಲಿ ಅತ್ತ ತಿರುಗಿಕೊಂಡೆ.

ಅಲ್ಲಿಂದಾಚೆ ಟಿ.ವಿ. ಅತ್ತೆಯ ಆಳ್ವಿಕೆಗೆ ಬಂತು. ಭಾನುವಾರ ಬೆಳಿಗ್ಗೆ ಪುರಾಣದ ಧಾರಾವಾಹಿಗೆ ಸೇರುವ ಅಕ್ಕಪಕ್ಕದವರು, ಅದು ಮುಗಿದ ಮೇಲೆ ಅರ್ಧ ಗಂಟೆ ಹೊಸನಗರದ ಮದುವೆಯನ್ನೂ ನೋಡಿ ಎಲೆಯಡಿಕೆ ಹಾಕಿಕೊಂಡು ಹೋಗಬೇಕಾಗಿತ್ತು. ಯಾರೂ ಎದ್ದು ಹೋಗುವಂತಿರಲಿಲ್ಲ. ಕ್ಯಾಸೆಟ್ಟಿನಲ್ಲಿ ಮುಖ ಗಂಟುಹಾಕಿಕೊಂಡವರನ್ನು ಅತ್ತೆ ಏನನ್ನುತ್ತಾರೆಂದು ಅವರು ಕೇಳಿಸಿಕೊಂಡಿದ್ದರು. ಮೂರನೇ ಪಂಕ್ತಿ ಬಂದಾಗ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು.

ಮುಂದೊಂದು ದಿನ ಕ್ರಿಕೆಟ್ ಮ್ಯಾಚ್ ಇತ್ತು. ನಮ್ಮವರು ಗೆಲ್ಲುವ ಹಂತದಲ್ಲಿದ್ದಾರೆಂದು ರೇಡಿಯೋ ಹೇಳುತ್ತಿತ್ತು. ನಾನು ಅತ್ತೆಯ ಕೋಣೆಯ ಬಾಗಿಲಿಗೆ ಬಂದು ನಿಂತೆ. ಒಳಗೆ ಪರದೆಯ ಮೇಲೆ ಪಾಯಸ ಬಡಿಸುತ್ತಿದ್ದರು. ಒಂದು ಮಾತು ಕೇಳಿದರೆ ಆಗುತ್ತಿತ್ತು. ಆದರೆ ಕೇಳಲಾಗಲಿಲ್ಲ. ತಾನೇ ಮಾಡಿಕೊಳ್ಳಲಾಗದ್ದನ್ನು ಇನ್ನೊಬ್ಬರಲ್ಲಿ ಕೇಳುವುದಕ್ಕೆ ಮೈಯೆಲ್ಲ ಎಷ್ಟು ಹಿಡಿಯಾಗುತ್ತದೆಂದು ಆ ಹೊಸ್ತಿಲ ಮೇಲೆ ನನಗೆ ತಿಳಿಯಿತು. ಒಮ್ಮೆ ಕೆಮ್ಮಿದೆ. ಕಿಟಕಿಯ ಹೊರಗೆ ನೋಡಿದೆ. ಹಿಂದಿರುಗಲು ಹೆಜ್ಜೆ ಎತ್ತಿದೆ.

ಅಷ್ಟರಲ್ಲಿ ಟಿ.ವಿ.ಯಿಂದ ಜನರ ಹೋ ಎನ್ನುವ ಕೂಗು ಕೇಳಿಸಿತು. ತಿರುಗಿದರೆ ಪರದೆಯ ತುಂಬ ಹಸಿರು ಮೈದಾನ. ಅತ್ತೆ ರಿಮೋಟನ್ನು ಮಡಿಲಲ್ಲಿಟ್ಟುಕೊಂಡು, ಎಡಗಾಲಿನಿಂದ ಮಣೆಯೊಂದನ್ನು ನನ್ನ ಕಡೆ ಸರಿಸುತ್ತಿದ್ದರು.

"ಕೂತ್ಕೊಳ್ಳಿ" ಎಂದರು. "ಕೇಳೋವರೆಗೆ ಕಾಯೋದು ಎಂತಕ್ಕೆ?"